ಮೀಟಿಯೊರ್ 350 ಕೊಂಡವರಿಗೆ: ಯು-ಟರ್ನ್‌ನಿಂದ ಘಾಟಿಯವರೆಗೆ

ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ಪಾದ ಮುಂದಕ್ಕೆ ಚಾಚಿ ಕೂರುವ ಬೈಕ್, ಹೆದ್ದಾರಿಯಲ್ಲಿ ಯಾರ ಕೈಯಲ್ಲಾದರೂ ನೆಟ್ಟಗೆ ಓಡುತ್ತದೆ. ಅದು ಸತಾಯಿಸುವುದು ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ: ಮನೆ ಗೇಟಿನ ಮುಂದಿನ ಇಳಿಜಾರು, ಪೆಟ್ರೋಲ್ ಬಂಕ್ ಒಳಗಿನ ತಿರುವು, ಸಿಗ್ನಲ್ ಬಳಿಯ ಯು-ಟರ್ನ್. ಶೋರೂಮ್‌ನವರು ಟೆಸ್ಟ್ ರೈಡ್‌ಗೆ ಕಳಿಸುವುದು ಮಾತ್ರ ನೇರ ರಸ್ತೆಗೆ. ಅಲ್ಲಿ ಎಲ್ಲ ಬೈಕೂ ಚೆನ್ನಾಗಿಯೇ ಕಾಣುತ್ತದೆ.

ನಮ್ಮಲ್ಲಿ ಹೆಚ್ಚು ಕಾಣುವ ಮಧ್ಯಮ ಗಾತ್ರದ ಕ್ರೂಸರ್ ರಾಯಲ್ ಎನ್‌ಫೀಲ್ಡ್ ಮೀಟಿಯೊರ್ 350. 2020ರ ನವೆಂಬರ್‌ನಲ್ಲಿ ಥಂಡರ್‌ಬರ್ಡ್‌ನ ಜಾಗಕ್ಕೆ ಬಂದದ್ದು. ಇಲ್ಲಿ ಹೇಳುವುದೆಲ್ಲ ಅದನ್ನೇ ಇಟ್ಟುಕೊಂಡು. ಬೇರೆ ಕ್ರೂಸರ್‌ಗಳಿಗೆ ಅಂಕಿಗಳು ಬದಲಾಗುತ್ತವೆ, ಓಡಿಸುವ ರೀತಿ ಬಹುಪಾಲು ಅದೇ. ನೆನಪಿಡಬೇಕಾದ ಅಂಕಿಗಳು ಇಷ್ಟು: 349 ಸಿಸಿ ಎಂಜಿನ್, 20.2 ಬಿಎಚ್‌ಪಿ, 4000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು, 191 ಕೆ.ಜಿ. ತೂಕ, 765 ಮಿ.ಮೀ. ಸೀಟಿನ ಎತ್ತರ, 1400 ಮಿ.ಮೀ. ವೀಲ್‌ಬೇಸ್, 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, 15 ಲೀಟರ್ ಟ್ಯಾಂಕು.

ಸಿಸಿ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ಮೇಲಿನವಕ್ಕೆ ಶೇ. 40. ಮೀಟಿಯೊರ್ ಒಂದೇ ಒಂದು ಸಿಸಿ ಅಂತರದಲ್ಲಿ ಈಚೆಗೆ ಉಳಿಯಿತು. 440 ಅಥವಾ 650 ಸಿಸಿ ಕ್ರೂಸರ್ ಕಡೆ ಮನಸ್ಸು ಇರುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಮಾರುವವರಿಗೆ ಮೊದಲೇ ಹೇಳಿ, ನೀವು ಹೋಗುವ ಮುಂಚೆ ಬೈಕ್ ಸ್ಟಾರ್ಟ್ ಮಾಡಿರಬಾರದು ಅಂತ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ತಣ್ಣಗಿನ ಸ್ಟಾರ್ಟಿಂಗ್‌ನಲ್ಲಿ ಏನೋ ತೊಂದರೆ ಮುಚ್ಚಿಡುತ್ತಿರಬಹುದು. ಸುಸ್ಥಿತಿಯ ಬೈಕು ಸೆಲ್ಫ್ ಒತ್ತಿದ ಒಂದೆರಡು ಸೆಕೆಂಡಿನಲ್ಲಿ ಹಿಡಿಯಬೇಕು. ನಿಮಿಷ ಕಳೆದ ಮೇಲೂ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಅಂಥದ್ದನ್ನು ಬಿಟ್ಟುಬಿಡಿ, ರೇಟು ಎಷ್ಟೇ ಇಳಿಸಿದರೂ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿಸಿ. ಮುಂದಿನ ಚಕ್ರ ನೆಲ ಬಿಡುವಂತೆ ಒಬ್ಬರು ಹಿಂದೆ ಅದುಮಿ ಹಿಡಿಯಲಿ. ನೀವು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ನೇರ ಬಂದಾಗ ಕಡಕ್ ಅಂತ ಸಿಕ್ಕಿಬಿದ್ದಂತೆ ಆದರೆ ಸ್ಟಿಯರಿಂಗ್ ಬೇರಿಂಗ್ ಹೋಗಿದೆ. ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಎರಡು ಕೊಳವೆ) ಕೆಳಗೆ ಕುಳಿತು ಫೋರ್ಕ್ ಟ್ಯೂಬಿನ ಮೇಲೆ ಬೆರಳು ಎಳೆಯಿರಿ. ಎಣ್ಣೆ ಅಂಟಿದರೆ ಆಯಿಲ್ ಸೀಲ್ ಬದಲಿಸಬೇಕು. ಹಿಂದಿನ ಸ್ಪ್ರಾಕೆಟ್‌ನ ಹಲ್ಲು ಒಂದೇ ಕಡೆಗೆ ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸುವ ಖರ್ಚು ನಿಮ್ಮ ತಲೆಗೆ. ಇವೆಲ್ಲ ಚೌಕಾಶಿಯಲ್ಲಿ ಕಳೆಯಬಹುದಾದ ಬಾಬತ್ತು, ಬೈಕನ್ನೇ ಬೇಡ ಅನ್ನುವಂಥವಲ್ಲ.

ಲೆಗ್ ಗಾರ್ಡ್ ಹೊಚ್ಚಹೊಸದಾಗಿ ಫಳಫಳ ಹೊಳೆಯುತ್ತಿದ್ದು ಫುಟ್‌ಪೆಗ್‌ನ ತುದಿ ಒಂದೇ ಬದಿಯಲ್ಲಿ ತರಿದಿದ್ದರೆ ಬೈಕ್ ಬಿದ್ದಿದೆ. ನಂಬರ್ ಪ್ಲೇಟೂ ಸುಳಿವು ಕೊಡುತ್ತದೆ. ಮೀಟಿಯೊರ್ ಮಾರುಕಟ್ಟೆಗೆ ಬಂದದ್ದೇ ಎಚ್‌ಎಸ್‌ಆರ್‌ಪಿ (ಸರ್ಕಾರಿ ಭದ್ರತಾ ನಂಬರ್ ಪ್ಲೇಟ್) ಕಡ್ಡಾಯವಾದ ಮೇಲೆ. ಆದ್ದರಿಂದ ಸಾದಾ ಪ್ಲೇಟ್ ಕಂಡರೆ ಹಳೆಯದು ಏನಾಯಿತು ಅಂತ ಕೇಳಲೇಬೇಕು.

2021ರ ಮೊದಲ ತಿಂಗಳುಗಳ ಬೈಕಾದರೆ ಇನ್ನೊಂದು ಪ್ರಶ್ನೆ ಇದೆ. ಇಗ್ನಿಷನ್ ಕಾಯಿಲ್ ದೋಷಕ್ಕಾಗಿ 2021ರ ಮೇ ತಿಂಗಳಲ್ಲಿ ಕಂಪನಿ ಮೀಟಿಯೊರ್, ಕ್ಲಾಸಿಕ್, ಬುಲೆಟ್ ಮೂರನ್ನೂ ಸೇರಿಸಿ ಎರಡು ಲಕ್ಷಕ್ಕೂ ಮೀರಿ ಬೈಕುಗಳನ್ನು ವಾಪಸ್ ಕರೆಸಿತ್ತು. ಕೆಟ್ಟ ಕಾಯಿಲ್‌ನಿಂದ ಎಂಜಿನ್ ಮಿಸ್‌ಫೈರ್ ಆಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಚಾಸಿ ನಂಬರ್ ಕೊಟ್ಟರೆ ಸರ್ವಿಸ್ ಸೆಂಟರ್‌ನಲ್ಲಿ ಬದಲಿಸಿದ್ದಾರೋ ಇಲ್ಲವೋ ಹೇಳುತ್ತಾರೆ.

ಕಾಗದಪತ್ರದಲ್ಲಿ ಜನ ಎಡವುವುದು ಇನ್ಶೂರೆನ್ಸ್‌ನಲ್ಲಿ. ಹೊಸ ಬೈಕಿಗೆ ಥರ್ಡ್ ಪಾರ್ಟಿ ವಿಮೆ ಐದು ವರ್ಷಕ್ಕೆ ಒಟ್ಟಿಗೇ ಆಗಿರುತ್ತದೆ, ಬೈಕಿನ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷಕ್ಕೆ. ‘2027ರವರೆಗೆ ಇನ್ಶೂರೆನ್ಸ್ ಇದೆ ಸಾರ್’ ಅಂದರೆ ಅದು ಥರ್ಡ್ ಪಾರ್ಟಿ ಮಾತ್ರ ಇರಬಹುದು. ಪಾಲಿಸಿಯಲ್ಲಿ ಎರಡೂ ತಾರೀಖನ್ನು ಬೇರೆಬೇರೆಯಾಗಿ ಓದಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ವರ್ಗಾವಣೆಗೆ ಫಾರ್ಮ್ 29, 30. ಹೊರರಾಜ್ಯದ ಬೈಕಾದರೆ ಫಾರ್ಮ್ 28 (ಆ ರಾಜ್ಯದ ಆರ್‌ಟಿಒ ಎನ್‌ಒಸಿ) ಕೂಡ, ಮೇಲೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್.

ಕೂತಾಗ ಸರಿಮಾಡಿಕೊಳ್ಳಬೇಕಾದ್ದು

ಕ್ರೂಸರ್‌ನಲ್ಲಿ ಪಾದ ಮುಂದಕ್ಕೆ ಚಾಚಿರುತ್ತದೆ. ಸಾದಾ ಬೈಕಿನಲ್ಲಿ ಹಂಪ್ ಬಂದಾಗ ಪೆಗ್ ಮೇಲೆ ಭಾರ ಹಾಕಿ ಅರ್ಧ ಎದ್ದು ಬಿಡುತ್ತೇವೆ. ಇಲ್ಲಿ ಅದು ಆಗುವುದಿಲ್ಲ. ಕುಲುಕಾಟವೆಲ್ಲ ನೇರ ಸೊಂಟಕ್ಕೆ ಬರುತ್ತದೆ. ಹಾಗಾಗಿ ‘ಸೊಂಟ ನೋವು ಬರುತ್ತೆ’ ಎನ್ನುವವರು ಹೊಸ ಸೀಟಿಗೆ ದುಡ್ಡು ಸುರಿಯುವ ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್ ನೋಡಬೇಕು. ಮೀಟಿಯೊರ್‌ನ ಹಿಂದಿನ ಎರಡೂ ಶಾಕ್‌ಗಳಿಗೆ ಆರು ಹಂತದ ಪ್ರಿಲೋಡ್ (ಸ್ಪ್ರಿಂಗಿನ ಬಿಗಿತ ಹೊಂದಿಸುವ ವ್ಯವಸ್ಥೆ) ಇದೆ. ಸಿ-ಸ್ಪಾನರ್‌ನಿಂದ ತಿರುಗಿಸಬೇಕು. ಅರವತ್ತರಿಂದ ಎಂಬತ್ತು ಕೆ.ಜಿ. ತೂಕದವರು ಒಬ್ಬರೇ ಹೋಗುವಾಗ ಎರಡನೇ ಹಂತದಿಂದ ಶುರುಮಾಡಬಹುದು. ಹಿಂದೆ ಒಬ್ಬರು ಕೂತರೆ ನಾಲ್ಕು, ಬ್ಯಾಗೂ ಸೇರಿದರೆ ಐದು. ಎಡಬಲ ಎರಡೂ ಒಂದೇ ಹಂತದಲ್ಲಿರಲಿ. ಒಂದು ಮೂರರಲ್ಲಿ ಇನ್ನೊಂದು ಐದರಲ್ಲಿ ಇರುವ ಬೈಕು ತಿರುವಿನಲ್ಲಿ ಹಿಂಭಾಗ ಆಡಿಸುತ್ತದೆ. ‘ಟೈರ್ ಸರಿಯಿಲ್ಲ’ ಅಂತ ಬರುವ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ.

ಗೇರ್ ಲಿವರ್ ಹಿಮ್ಮಡಿ-ಮುಂಗಾಲು ಎರಡರಿಂದಲೂ ಒತ್ತುವ ಬಗೆಯದು. ಮೇಲಿನ ಗೇರಿಗೆ ಹಿಮ್ಮಡಿ ಬಳಸಿ, ಶೂ ತುದಿಯೂ ಉಳಿಯುತ್ತದೆ. ಮೊಣಕೈ ಸ್ವಲ್ಪ ಬಾಗಿರಬೇಕು. ಕೈ ಪೂರ್ತಿ ಚಾಚಿದರೆ ಯು-ಟರ್ನ್‌ನಲ್ಲಿ ಹೊರಗಿನ ಹ್ಯಾಂಡಲ್ ತುದಿ ಕೈಗೆ ಸಿಗುವುದಿಲ್ಲ. ಟ್ಯಾಂಕಿನ ಕಡೆ ಒಂದಿಷ್ಟು ಸರಿದು ಕೂತರೆ ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಿಧಾನದ ಅಭ್ಯಾಸ

ಇದಕ್ಕೆ ಭಾನುವಾರ ಬೆಳಗಿನ ಖಾಲಿ ಮೈದಾನವೋ ಪಾರ್ಕಿಂಗ್ ಜಾಗವೋ ಸಾಕು. ನಾಲ್ಕು ನೀರಿನ ಬಾಟಲಿ ತೆಗೆದುಕೊಂಡು ಹೋಗಿ.

ಮೊದಲು ನೇರ ಸಾಲು. ಮೊದಲ ಗೇರಿನಲ್ಲಿ ಕ್ಲಚ್ ನಿಧಾನವಾಗಿ ಬಿಡುತ್ತ ಬನ್ನಿ, ಬೈಕು ಎಳೆಯಲು ಶುರುಮಾಡುವ ಜಾಗದಲ್ಲಿ ಬೆರಳು ನಿಲ್ಲಿಸಿ. ಆಕ್ಸಲರೇಟರ್ ಒಂದೇ ಸಮ ತುಸು ಹಿಡಿದಿರಿ. ವೇಗ ಹೆಚ್ಚಾದರೆ ಅದನ್ನು ಬಿಡಬೇಡಿ, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ. ಎಂಜಿನ್ ಎಳೆಯುತ್ತಿದೆ, ಬ್ರೇಕ್ ಹಿಡಿದಿದೆ, ಕ್ಲಚ್ ನಡುವೆ ಅಳತೆ ಮಾಡುತ್ತಿದೆ: ಈ ಮೂರರ ನಡುವಿನ ಬಿಗಿತದಿಂದಲೇ ಬೈಕ್ ನಡಿಗೆಯ ವೇಗದಲ್ಲೂ ನೆಟ್ಟಗೆ ನಿಲ್ಲುವುದು. ಕ್ಲಚ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಅದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್. ಹತ್ತು ನಿಮಿಷದ ಅಭ್ಯಾಸಕ್ಕೆ ಏನೂ ಆಗುವುದಿಲ್ಲ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಅದನ್ನೇ ಹಿಡಿದುಕೊಂಡರೆ ಮಾತ್ರ ತೊಂದರೆ.

ಮುಂದಿನ ಬ್ರೇಕಿನಿಂದ ಬೆರಳು ತೆಗೆದಿರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಫೋರ್ಕ್ ಕುಸಿದು 191 ಕೆ.ಜಿ. ಒಂದೇ ಬದಿಗೆ ವಾಲುತ್ತದೆ. ನಿಂತಲ್ಲೇ ಬೀಳುವ ಬೈಕುಗಳು ಹೆಚ್ಚಾಗಿ ಬೀಳುವುದು ಹೀಗೆಯೇ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಚಕ್ರ ಜಾರುತ್ತಿಲ್ಲವಲ್ಲ.

ಈಗ ಯು-ಟರ್ನ್. ಎರಡು ಸಾಲಾಗಿ ಬಾಟಲಿ ಇಟ್ಟು ಎಂಟು ಮೀಟರ್ ಅಗಲದಿಂದ ಶುರುಮಾಡಿ, ಸರಾಗವಾದ ಮೇಲೆ ಆರಕ್ಕೆ ಇಳಿಸಿ. ತಿರುಗುವ ಮುನ್ನವೇ ಗಲ್ಲ ಭುಜದ ಮೇಲೆ ಬರುವಷ್ಟು ಕತ್ತು ತಿರುಗಿಸಿ, ನೀವು ಹೊರಬರುವ ಜಾಗ ನೋಡಿ. ಮುಂದಿನ ಚಕ್ರ ನೋಡುತ್ತ ತಿರುಗಿಸಿದರೆ ಅಲ್ಲೇ ನಿಲ್ಲುತ್ತೀರಿ. ಬೈಕನ್ನು ಒಳಕ್ಕೆ ವಾಲಿಸಿ, ಮೈ ಹೊರಬದಿಗೆ ಇರಲಿ. ತಿರುವಿನ ನಡುವೆ ಎಂಜಿನ್ ಆಫ್ ಆಗಬಾರದು, ಆದರೆ ಬಿದ್ದಂತೆಯೇ. ಆದ್ದರಿಂದ ತಿರುವಿಗೆ ಮೊದಲು ಐಡಲ್‌ಗಿಂತ ತುಸು ಮೇಲೆ ಆಕ್ಸಲರೇಟರ್ ಇಟ್ಟುಕೊಂಡೇ ಹೊರಡಿ. ಎಡಕ್ಕೆ ಬೇಗ ಬರುತ್ತದೆ, ಬಲಕ್ಕೆ ತಡವಾಗುತ್ತದೆ. ನಮ್ಮ ರಸ್ತೆಗಳಲ್ಲಿ ಬೇಕಾಗುವುದು ಬಲಗಡೆಯ ಯು-ಟರ್ನ್. ಅದನ್ನು ದುಪ್ಪಟ್ಟು ಅಭ್ಯಾಸ ಮಾಡಿ.

ಬಿದ್ದರೆ ಎತ್ತುವುದು

1. ಮೊದಲು ಕಿಲ್ ಸ್ವಿಚ್, ಆಮೇಲೆ ಕೀ. ಪೆಟ್ರೋಲ್ ಸೋರುತ್ತಿದೆಯೇ ನೋಡಿ.
2. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಎತ್ತಿದ ಬೈಕು ಆಚೆ ಬದಿಗೆ ಬೀಳುತ್ತದೆ. ಸಾಧ್ಯವಾದರೆ ಗೇರಿನಲ್ಲಿ ಇಡಿ, ಚಕ್ರ ಉರುಳುವುದಿಲ್ಲ.
3. ಹ್ಯಾಂಡಲನ್ನು ಬೈಕ್ ಬಿದ್ದ ಬದಿಗೆ ಪೂರ್ತಿ ತಿರುಗಿಸಿ.
4. ಬೈಕಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಸೊಂಟದ ಕೆಳಭಾಗವನ್ನು ಸೀಟಿನ ಅಂಚಿಗೆ ಒತ್ತಿ. ಒಂದು ಕೈ ಕೆಳಗಿನ ಹ್ಯಾಂಡಲ್ ಗ್ರಿಪ್‌ನಲ್ಲಿ, ಇನ್ನೊಂದು ಹಿಂದಿನ ಗ್ರ್ಯಾಬ್ ರೈಲಿನಲ್ಲಿ. ಸೈಲೆನ್ಸರ್ ಬಲಬದಿಗಿದೆ, ಬಿಸಿ ಇರುತ್ತದೆ.
5. ಬೆನ್ನು ನೆಟ್ಟಗಿಟ್ಟು ತೊಡೆಯ ಬಲದಲ್ಲಿ ಸಣ್ಣ ಹೆಜ್ಜೆ ಇಡುತ್ತ ಹಿಂದಕ್ಕೆ ತಳ್ಳಿ.

ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಗಾಬರಿಯಾಗಬೇಡಿ. ಬೈಕ್ ಮಲಗಿದಾಗ ಪೆಟ್ರೋಲ್ ಪೂರೈಕೆ ನಿಲ್ಲಿಸುವ ಸೆನ್ಸರ್ ಇದೆ. ಕಿಲ್ ಸ್ವಿಚ್ ಮೊದಲಿನಂತೆ ಮಾಡಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬ್ರೇಕ್ ಲಿವರ್, ಕ್ಲಚ್ ಲಿವರ್, ಗೇರ್ ಲಿವರ್ ಬಾಗಿವೆಯೇ ಪರೀಕ್ಷಿಸಿಯೇ ಮುಂದೆ ಹೋಗಿ.

ಹೆದ್ದಾರಿ ಮತ್ತು ಘಾಟಿ

ಎಂಜಿನ್ನಿನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 85.8 ಮಿ.ಮೀ. ಇಂಥ ಲಾಂಗ್ ಸ್ಟ್ರೋಕ್ ಎಂಜಿನ್‌ಗೆ ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ, ಮೇಲಕ್ಕೆ ಹೋದಂತೆ ಉಸಿರು ಕಟ್ಟುತ್ತದೆ. ಐದನೇ ಗೇರಿನಲ್ಲಿ 80ರಿಂದ 90 ಕಿ.ಮೀ. ವೇಗ ಅದರ ನೆಮ್ಮದಿಯ ಜಾಗ. ನೂರಕ್ಕೆ ಏರಿಸಬಹುದು, ಆದರೆ ಕಂಪನವೂ ಎದೆಗೆ ಹೊಡೆಯುವ ಗಾಳಿಯೂ ಸೇರಿ ಬೇಗ ದಣಿಸುತ್ತವೆ. ಲಾರಿ ಹಿಂದಿಕ್ಕಲು ನಾಲ್ಕಕ್ಕೆ ಇಳಿಸಿ; ಐದರಲ್ಲೇ ತಿರುವಿದರೆ ಎದುರು ಬರುವ ಬಸ್ಸು ನಿಮಗಿಂತ ಮೊದಲು ತಲುಪುತ್ತದೆ. ಆರ್‌ಪಿಎಂ ಮೀಟರ್ ಇಲ್ಲದ ಕಾರಣ ಕಿವಿಯೇ ಗತಿ: ಡಗ್ ಡಗ್ ಎಂದು ಕುಲುಕಿದರೆ ಗೇರ್ ಇಳಿಸುವ ಹೊತ್ತಾಗಿದೆ.

ಘಾಟಿಯಲ್ಲಿ ಕ್ರೂಸರ್‌ನ ಮಿತಿ ಫುಟ್‌ಪೆಗ್. ಪೆಗ್ ತಗ್ಗಿನಲ್ಲಿದೆ, ಮುಂದಕ್ಕಿದೆ. ಹೆಚ್ಚು ವಾಲಿಸಿದರೆ ನೆಲಕ್ಕೆ ಕೆರೆಯುತ್ತದೆ. ಕೆರೆದ ಸದ್ದು ಕೇಳಿದಾಗ ಬೆಚ್ಚಿ ಹ್ಯಾಂಡಲ್ ನೇರ ಮಾಡುವವರು ಎದುರಿನ ಸಾಲಿಗೆ ಹೋಗುತ್ತಾರೆ. ಪೆಗ್ ಮಡಚಿಕೊಳ್ಳುತ್ತದೆ, ಬೀಳಿಸುವುದಿಲ್ಲ. ಅದೇ ತಿರುವು ಹಿಡಿದು ಮೈಯನ್ನು ಒಳಬದಿಗೆ ತುಸು ಒಗೆಯಿರಿ, ಬೈಕು ತಾನೇ ನೆಟ್ಟಗಾಗುತ್ತದೆ. ಮುಂದಿನ ತಿರುವಿಗೆ ವೇಗ ಇಳಿಸಿ ಹೋಗಿ.

ಆಗುಂಬೆ ಇಳಿಯುವುದು ಉದಾಹರಣೆಗೆ ಒಳ್ಳೆಯದು: ಹದಿನಾಲ್ಕು ಕಡಿದಾದ ತಿರುವು, ಮಳೆಗಾಲದಲ್ಲಿ ಅಂಚಿನಲ್ಲಿ ಪಾಚಿ, ಎದುರಿಗೆ ಬಸ್ಸು. ಹತ್ತುವಾಗ ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಅಂದರೆ ಎರಡು ಅಥವಾ ಒಂದು. ಕ್ಲಚ್ ಹಿಡಿದು ಉರುಳಿಸಬೇಡಿ. ಎಂಜಿನ್ ಬ್ರೇಕ್ ತಪ್ಪಿ ಪೂರ್ತಿ ಭಾರ ಡಿಸ್ಕ್ ಮೇಲೆ ಬೀಳುತ್ತದೆ. ಕಾದ ಪ್ಯಾಡ್‌ಗಳ ಹಿಡಿತ ಕಡಿಮೆಯಾಗಿ, ಬ್ರೇಕ್ ಫ್ಲೂಯಿಡ್ ಹಳೆಯದಾಗಿದ್ದರೆ ಲಿವರ್ ಮೆತ್ತಗಾಗುತ್ತದೆ. ಹಾಗೆ ಅನ್ನಿಸಿದರೆ ನಿಲ್ಲಿಸಿ, ಕಾಲು ಗಂಟೆ ಆರಲಿ. ಬಸ್ಸಿಗೆ ತಿರುವಿನ ಪೂರ್ತಿ ಅಗಲ ಬೇಕು. ಹಾರ್ನ್ ಕೇಳಿದರೆ ತಿರುವಿಗೆ ಹತ್ತು ಮೀಟರ್ ಮೊದಲೇ ನಿಲ್ಲಿ, ಪಕ್ಕದಲ್ಲಿ ಸಂದು ಸಿಗುತ್ತದೆ ಅಂತ ನುಗ್ಗಬೇಡಿ. ಕೆಳ ಗೇರಿಗೆ ಜೋರಾಗಿ ಇಳಿಸಿ ಕ್ಲಚ್ ಪಟಕ್ಕನೆ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಪರಿಷ್ಕೃತ ಮಾದರಿಯ ಸ್ಲಿಪ್-ಅಸಿಸ್ಟ್ ಕ್ಲಚ್ ಇದನ್ನು ತಡೆಯಲೆಂದೇ ಇರುವುದು. ಹಳೆಯ ಮಾದರಿಯವರು ಕೈಯಿಂದಲೇ ನಾಜೂಕಾಗಿ ಬಿಡಬೇಕು.

ಸಾಮಾನು ಕಟ್ಟುವಾಗ ಭಾರದ್ದು ಕೆಳಗೆ, ಮುಂದೆ. ಹಿಂದಿನ ಕ್ಯಾರಿಯರ್ ತುದಿಯಲ್ಲಿ ಹದಿನೈದು ಕೆ.ಜಿ. ಹೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗುತ್ತದೆ. ಬಲಬದಿಯ ಬ್ಯಾಗಿಗೂ ಸೈಲೆನ್ಸರ್‌ಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಅಂದಕ್ಕೆಂದು ಸೀರೆ ಗಾರ್ಡ್ ಬಿಚ್ಚಿಸುವ ಹುಚ್ಚು ಬೇಡ. ಸೆರಗೋ ದುಪ್ಪಟ್ಟಾವೋ ಚಕ್ರಕ್ಕೆ ಸಿಕ್ಕರೆ ಹಿಂದೆ ಕೂತವರು ಕ್ಷಣದಲ್ಲಿ ಕೆಳಗೆ.

ಚೈನು

ಸರ್ವಿಸ್ ಸೆಂಟರ್‌ಗೆ ಬಿಟ್ಟು ನಿಶ್ಚಿಂತೆಯಾಗಿರಬಹುದಾದವು ಹಲವು. ಚೈನು ಆ ಪಟ್ಟಿಯಲ್ಲಿಲ್ಲ. ಐನೂರು ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದರೆ ಆ ದಿನವೇ, ನೀವೇ ನೋಡಬೇಕು.

1. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್, ನ್ಯೂಟ್ರಲ್. ಎಂಜಿನ್ ಓಡಿಸಿ ಚಕ್ರ ತಿರುಗಿಸುತ್ತ ಬಟ್ಟೆ ಹಿಡಿಯುವವರಿದ್ದಾರೆ. ಬೆರಳು ಹೋಗುವುದು ಹಾಗೆಯೇ.
2. ಚೈನ್ ಕ್ಲೀನರ್ ಹೊಡೆದು ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಪೆಟ್ರೋಲ್ ಬಳಸಬೇಡಿ, ಕೊಂಡಿಗಳ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಳಗಿನ ಗ್ರೀಸ್ ಒಮ್ಮೆ ಹೊರಬಂದರೆ ಮತ್ತೆ ತುಂಬಲಾಗದು.
3. ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಒದ್ದೆ ಚೈನಿಗೆ ಹಾಕಿದ ಲೂಬ್ ನಿಲ್ಲುವುದಿಲ್ಲ.
4. ಕೈಯಿಂದ ಚಕ್ರ ಹಿಂದಕ್ಕೆ ತಿರುಗಿಸುತ್ತ ಕೆಳಗಿನ ಸಾಲಿನ ಒಳಮೈಗೆ ಲೂಬ್ ಹೊಡೆಯಿರಿ. ಓಡುವಾಗ ಅದು ತಾನಾಗಿ ಹೊರಕ್ಕೆ ಹರಡುತ್ತದೆ. ಅರ್ಧ ಗಂಟೆ ಬಿಟ್ಟು ಹೆಚ್ಚಾದದ್ದನ್ನು ಒರೆಸಿ. ರಾತ್ರಿ ಹಾಕಿ ಬೆಳಗ್ಗೆ ಹೊರಟರೆ ಇನ್ನೂ ಒಳ್ಳೆಯದು.

ಸಡಿಲ ಅಳೆಯುವಾಗ ಚಕ್ರವನ್ನು ಸ್ವಲ್ಪಸ್ವಲ್ಪ ತಿರುಗಿಸಿ ಅತಿ ಬಿಗಿಯಾದ ಜಾಗ ಹುಡುಕಿ, ಅಲ್ಲಿ ಕೆಳಸಾಲಿನ ನಡುವೆ ಬೆರಳಿನಿಂದ ಮೇಲೆ-ಕೆಳಗೆ ಆಡಿಸಿ. ಎಷ್ಟು ಆಡಬೇಕೆಂಬ ಅಂಕಿ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ, ಅದನ್ನೇ ಹಿಡಿಯಿರಿ. ಆ್ಯಕ್ಸಲ್ ನಟ್ ಸಡಿಲಿಸಿ ಎರಡೂ ಕಡೆಯ ಅಡ್ಜಸ್ಟರನ್ನು ಕಾಲು ಸುತ್ತಿನ ಲೆಕ್ಕದಲ್ಲಿ ಸಮನಾಗಿ ತಿರುಗಿಸಿ. ಗುರುತು ಎಡಬಲ ಒಂದೇ ಇರಬೇಕು, ಇಲ್ಲದಿದ್ದರೆ ಚಕ್ರ ಸೊಟ್ಟ. ರಸ್ತೆ ಬದಿಯ ಮೆಕ್ಯಾನಿಕ್‌ಗಳು ಪ್ರೀತಿಯಿಂದ ಚೈನನ್ನು ತಂತಿಯಷ್ಟು ಬಿಗಿ ಮಾಡಿ ಕಳಿಸುತ್ತಾರೆ. ಇಬ್ಬರು ಕೂತು ಶಾಕ್ ಅದುಮಿದಾಗ ಅದು ಇನ್ನಷ್ಟು ಬಿಗಿಯಾಗಿ ಗೇರ್‌ಬಾಕ್ಸ್ ತುದಿಯ ಬೇರಿಂಗನ್ನೂ ಆಯಿಲ್ ಸೀಲನ್ನೂ ತಿನ್ನುತ್ತದೆ. ಕೊಂಚ ಸಡಿಲವಿದ್ದರೆ ನಡೆದೀತು, ಬಿಗಿ ಆಗಬಾರದು.

ಆಯಿಲ್, ಗಾಳಿ, ಬ್ಯಾಟರಿ

ಈ ಎಂಜಿನ್ನಿಗೆ 15ಡಬ್ಲ್ಯು-50 ಸೆಮಿ ಸಿಂಥೆಟಿಕ್ ಆಯಿಲ್, ಡಬ್ಬದ ಮೇಲೆ ಜಾಸೋ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತು) ಎಂದಿರಲೇಬೇಕು. ಕಾರಿನ ಆಯಿಲ್ ಹಾಕಿದರೆ ಅದರಲ್ಲೇ ಮುಳುಗಿರುವ ಕ್ಲಚ್ ಜಾರುತ್ತದೆ. ಮಟ್ಟ ನೋಡುವ ಕ್ರಮ: ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಮತ್ತೆ ಮೂರು ನಿಮಿಷ ಕಾದು, ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಗಾಜಿನ ಕಿಂಡಿ ನೋಡಿ. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿ ‘ಆಯಿಲ್ ಇಲ್ಲ’ ಅಂತ ಸುರಿದವರ ಬೈಕಿನ ಏರ್ ಫಿಲ್ಟರ್ ಡಬ್ಬದಲ್ಲಿ ಆಯಿಲ್ ಸಿಗುತ್ತದೆ. ಸಂಡೂರು-ಹೊಸಪೇಟೆ ಕಡೆಯ ಅದಿರು ದೂಳಿನಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಸರ್ವಿಸ್ ಪುಸ್ತಕ ಹೇಳುವುದಕ್ಕಿಂತ ಮೊದಲೇ ಬದಲಿಸಲಿ. ಟೈರಿನ ಗಾಳಿ ತಣ್ಣಗಿರುವಾಗಲೇ ಹಿಡಿಸಿ. ಇಬ್ಬರಿಗೆ ಹಿಂದಿನ ಟೈರಿಗೆ ಹೆಚ್ಚು ಬೇಕು.

ಕಿಕ್ಕರ್ ಇಲ್ಲ ಎಂಬುದನ್ನು ಜನ ಮರೆಯುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಸ್ವಲ್ಪ ಚಾರ್ಜ್ ಉಳಿದಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಮೀಟರ್ ದೀಪವೂ ಬರದಷ್ಟು ಇಳಿದಿದ್ದರೆ ತಳ್ಳಿ ಪ್ರಯೋಜನವಿಲ್ಲ, ಫ್ಯೂಯಲ್ ಪಂಪಿಗೂ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುಗೂ ಕರೆಂಟ್ ಬೇಕು. ಆ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ. ಕೊನೆಯ ಹನಿಯವರೆಗೆ ಓಡಿಸುವ ಹಳೆಯ ಬುಲೆಟ್ ಅಭ್ಯಾಸ ಇಲ್ಲಿ ಬೇಡ.

ದೂರದ ದಾರಿಗೆ ಹೊರಡುವವರಿಗೆ ಎರಡು ಸೂಚನೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹಂಪ್ ಲೆಕ್ಕಕ್ಕೆ ಸೇರಿಸಿ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗುವ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಸಂಜೆ ಏಳರ ಮೇಲೆ ಗುಂಡ್ಲುಪೇಟೆ ತಲುಪಿದರೆ ಅಲ್ಲೇ ರೂಮ್ ಹಿಡಿದು, ಚೈನ್ ಒರೆಸಿ ಮಲಗಿ.